ಬೀಡಿ ಬಿಟ್ಟ ಹದಿನೇಳನೆಯ ದಿನ

ಆ ಗುರುವಾರ ದೇವದುರ್ಗದ ಆಸ್ಪತ್ರೆಯಲ್ಲಿ ನಾನು ಗುಳಿಗೆಯ ಡಬ್ಬಿಗಳನ್ನು ಇನ್ನೂ ಮೇಜಿನ ಮೇಲೆ ಜೋಡಿಸುತ್ತಿದ್ದೆ. ಹೊರಗೆ ಟಂಟಂ ಆಟೋ ಬಂದು ನಿಂತ ಸದ್ದಾಯಿತು. ಅದರ ಹಿಂದೆಯೇ ಒಬ್ಬ ಹೆಣ್ಣುಮಗಳ ಕೂಗು.

"ಸಿಸ್ಟರಮ್ಮಾ, ಹೊರಗ ಬರ್ರಿ! ನನ್ ತಮ್ಮ ಕಣ್ಣ ತೆರಿಯವಲ್ಲ!"

ಆ ದನಿ ನನಗೆ ಗೊತ್ತಿದ್ದದ್ದೇ. ಮಸರಕಲ್ಲಿನ ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ. ಆಕೆಯ ತಮ್ಮ ಮೂವತ್ತನಾಲ್ಕರ ಹಮಾಲ, ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮೂರು ವರ್ಷದ ಹಿಂದೆ ಇದೇ ಮನುಷ್ಯ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೂ ಕಾಣದವರ ಜೊತೆ ಜಗಳವಾಡುತ್ತ ತಿರುಗುತ್ತಿದ್ದ. ಎರಡು ಬಗೆಯ ಔಷಧ ಕೊಟ್ಟು ನೋಡಿದ್ದೆವು, ಕಿವಿಯೊಳಗಿನ ದನಿಗಳು ಜಪ್ಪಯ್ಯ ಎಂದರೂ ಹೋಗಲಿಲ್ಲ. ಮೂರನೆಯದಾಗಿ ಕೊಟ್ಟದ್ದು ಕ್ಲೋಜಪಿನ್. ಬೇರೆ ಯಾವುದೂ ಹಿಡಿಯದಿದ್ದಾಗ ಕೊಡುವ ಗುಳಿಗೆ ಅದು, ಈತನಿಗೆ ಹಿಡಿಯಿತು. ಆರು ತಿಂಗಳಲ್ಲಿ ಗಡ್ಡ ಬೋಳಿಸಿಕೊಂಡು ಬಂದು ನನ್ನ ಮುಂದೆ ನಿಂತು ಕೆಲಸ ಸಿಕ್ಕಿದೆ ಎಂದು ಹೇಳಿದ್ದ.

ಆ ಗುಳಿಗೆಗೆ ಒಂದು ಕರಾರಿದೆ. ಕೆಲವರಲ್ಲಿ ಅದು ರಕ್ತದ ಬಿಳಿ ಕಣಗಳನ್ನು ಇಳಿಸಿಬಿಡುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಕಣ ತೀರಾ ಇಳಿದರೆ ಆ ರೋಗಿಗೆ ಆ ಔಷಧದ ಋಣ ತೀರಿದ ಹಾಗೆಯೇ, ಮತ್ತೆ ಕೊಡುವುದಿಲ್ಲ. ಅಕ್ಕ ಅದಕ್ಕೆ "ರಕ್ತದ ಗುಳಿಗಿ" ಎಂದೇ ಹೆಸರಿಟ್ಟಿದ್ದಳು. ಅದನ್ನು ಕಳೆದುಕೊಂಡರೆ ಈತನಿಗೆ ಮತ್ತೆ ಬಸ್ ಸ್ಟ್ಯಾಂಡೇ ಗತಿ ಎಂಬುದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಟಂಟಂನಿಂದ ಇಬ್ಬರು ಆತನನ್ನು ಎತ್ತಿ ಇಳಿಸಿದರು. ಮೈ ಕೆಂಡದಂತಿತ್ತು. ಬಾಯಿಂದ ಜೊಲ್ಲು ಇಳಿದು ಅಂಗಿಯ ಎದೆ ಭಾಗವೆಲ್ಲ ತೊಯ್ದಿತ್ತು. ಹೆಸರು ಹಿಡಿದು ಜೋರಾಗಿ ಕರೆದರೆ ರೆಪ್ಪೆ ಅರ್ಧ ಎತ್ತುತ್ತಿದ್ದ, ಏನೋ ತೊದಲುತ್ತಿದ್ದ, ಮತ್ತೆ ಮುಚ್ಚುತ್ತಿದ್ದ. ನಡುನಡುವೆ ಕೈಗಳು ತಾವಾಗಿಯೇ ಜಿಗಿದು ಬೀಳುತ್ತಿದ್ದವು. ಕ್ಲೋಜಪಿನ್ ತಿನ್ನುವವರಿಗೆ ಜ್ವರ ಬಂದರೆ ನಮಗೆ ಮೊದಲು ಹೊಳೆಯಬೇಕಾದದ್ದು ಬಿಳಿ ಕಣ. ಅವು ಇಳಿದಿದ್ದರೆ ಸಣ್ಣ ಸೋಂಕೂ ಜೀವ ತೆಗೆಯುತ್ತದೆ.

ನಾನು ಮನೋರೋಗ ವಿಭಾಗದ ನರ್ಸು. ಮಂಗಳವಾರ ಮಾನ್ವಿ, ಗುರುವಾರ ದೇವದುರ್ಗ, ಉಳಿದ ದಿನ ರಾಯಚೂರು. ಆ ದಿನ ನಮ್ಮ ಮನೋವೈದ್ಯರು ಸಾಕ್ಷಿ ಹೇಳಲು ಕೋರ್ಟಿಗೆ ಹೋಗಿದ್ದರು. ನನ್ನ ಜೊತೆ ಇದ್ದದ್ದು ಒಂದು ರಿಜಿಸ್ಟರು, ಗುಳಿಗೆಯ ಪೆಟ್ಟಿಗೆ, ರಬ್ಬರ್ ಬ್ಯಾಂಡ್ ಸುತ್ತಿದ ನನ್ನ ಹಳೇ ನೋಟ್‌ಬುಕ್ಕು, ಅಷ್ಟೇ.

ರಕ್ತ ತೆಗೆದು ನಾನೇ ಲ್ಯಾಬಿಗೆ ಓಡಿದೆ. ಟೆಕ್ನಿಷಿಯನ್ ನನ್ನ ಮುಖ ನೋಡಿ ಬೇರೆ ಏನೂ ಕೇಳಲಿಲ್ಲ. "ಒಂದು ತಾಸು ಕೊಡ್ರಿ," ಎಂದ. ವಾಪಸು ಬಂದು ಬಿಪಿ ನೋಡಿದರೆ ಎಂಬತ್ತಾರಕ್ಕೆ ಐವತ್ತು. ಈ ಬಗೆಯ ಔಷಧಗಳಿಂದಲೇ ಬರುವ ಒಂದು ಜ್ವರದಲ್ಲಿ ಮೈ ಬಿಗಿಯುತ್ತದೆ. ಮೊಣಕೈ ಮಡಚಿ ನೋಡಿದೆ, ಸ್ನಾಯು ಬಿಗಿದಿರಲಿಲ್ಲ. ಹೊಟ್ಟೆ ಮುಟ್ಟಿದೆ, ಉಬ್ಬಿ ಗಟ್ಟಿಯಾಗಿತ್ತು.

"ಬೈಲಕಡಿ ಹೋಗಿ ಎಷ್ಟ್ ದಿನ ಆತಕ್ಕಾ?"

"ನಾಕ್ ದಿನ ಆತ್ರಿ. ಉಣ್ಣಲಾರ್ದಕ ಹಂಗಾಗಿರಬೇಕಂತ ಸುಮ್ನಿದ್ದೆ."

ಮಲವಿಸರ್ಜನೆಯಾಗಿ ನಾಲ್ಕು ದಿನ ಎಂದು ಬರೆದುಕೊಂಡು ಅಡಿಗೆರೆ ಎಳೆದೆ. ಈ ಔಷಧ ಕರುಳನ್ನು ನಿಧಾನ ಮಾಡುತ್ತದೆ. ತೀರಾ ನಿಂತುಹೋದರೆ ಅದೂ ಸಾವಿನ ದಾರಿಯೇ.

ಆಕೆ ತಂದಿದ್ದ ಕೈಚೀಲವನ್ನು ಹಾಸಿಗೆಯ ಮೇಲೆ ಸುರಿದೆ. ಇದು ನನ್ನ ರೂಢಿ. ಏನು ತಿಂದಿರಿ ಎಂದು ಕೇಳಿದರೆ ಜನ ನೆನಪಿದ್ದಷ್ಟು ಹೇಳುತ್ತಾರೆ, ಚೀಲ ಎಲ್ಲವನ್ನೂ ಹೇಳುತ್ತದೆ. ಜ್ವರದ ಗುಳಿಗೆ, ಒಂದು ಕೆಮ್ಮಿನ ಔಷಧ, ಕ್ಲೋಜಪಿನ್ ಪಟ್ಟಿಗಳು. ಇವುಗಳ ನಡುವೆ ಸಿಪ್ರೋಫ್ಲಾಕ್ಸಾಸಿನ್, ಹತ್ತರಲ್ಲಿ ಏಳು ಖಾಲಿ.

"ಇದು ಯಾರ ಕೊಟ್ಟಿದ್ದು?"

"ನಮ್ಮೂರ ಕಡಿ ಸೂಜಿ ಮಾಡಾಕ ಬರ್ತಾರಲ್ರಿ, ಆ ಡಾಕ್ಟರು. ಉಚ್ಚಿ ಹೊಯ್ಯಾಗ ಉರಿತದ, ಜ್ವರಾ ಅದ ಅಂದೆ. ಐತಾರ ಸಂಜಿಲಿಂದ ಶುರು ಮಾಡೀವ್ರಿ."

"ರಕ್ತದ ಗುಳಿಗಿ ತಿಂತಾನ ಅಂತ ಹೇಳಿದ್ರೇನು?"

ಆಕೆ ನೆಲ ನೋಡಿದಳು. "ಹುಚ್ಚಿನ ಗುಳಿಗಿ ಅಂತ ಹ್ಯಾಂಗ ಹೇಳಬೇಕ್ರಿ? ಊರಾಗ ಈಗೀಗ ಎಲ್ಲಾರೂ ಮರ್ತಾರ."

ಬೈಯಲು ಬಾಯಿ ತೆರೆದೆ. ಬೈಯುವ ನರ್ಸು ಎಂದೇ ಮೂರೂ ಊರಲ್ಲಿ ಹೆಸರಾದವಳು ನಾನು. ಆದರೆ ಸಮಯವಿರಲಿಲ್ಲ. ಸಿಪ್ರೋ ನೋಡಿದ ಕೂಡಲೇ ಅರ್ಧ ಉತ್ತರ ಸಿಕ್ಕಿತ್ತು. ಕ್ಲೋಜಪಿನ್ನನ್ನು ಕರಗಿಸಿ ಹೊರಹಾಕುವ ಲಿವರಿನ ಕೆಲಸವನ್ನು ಸಿಪ್ರೋ ತಡೆಯುತ್ತದೆ. ಮಾಮೂಲಿ ಗುಳಿಗೆಯೇ ಮೈಯಲ್ಲಿ ಎರಡರಷ್ಟು, ಮೂರರಷ್ಟು ಶೇಖರವಾಗುತ್ತದೆ. ಜೊಲ್ಲು, ಮಂಪರು, ಜಿಗಿಯುವ ಕೈ, ಬಿದ್ದ ಬಿಪಿ ಎಲ್ಲಕ್ಕೂ ತಾಳೆಯಾಗುತ್ತಿತ್ತು. ಸಿಕ್ಕಿತಲ್ಲ ಎಂದು ಒಳಗೊಳಗೇ ಬೀಗಿದೆ ಎಂದರೆ ಸುಳ್ಳಲ್ಲ.

"ಈ ಮಂಪರು ಐತಾರದ ಮ್ಯಾಲೆ ಶುರುವಾತಲ್ಲ?" ಎಂದೆ, ಖಾತ್ರಿ ಮಾಡಿಕೊಳ್ಳಲು.

"ಇಲ್ರಿ. ಅದಕ್ಕೂ ಮೊದ್ಲ. ಹೋದ್ ವಾರದಿಂದಾನ ಗಿರಣ್ಯಾಗ ಚೀಲದ ಮ್ಯಾಲ ತೂಕಡಿಸಾಕತ್ತಿದ್ನಂತ. ಲಾರಿಗೆ ಹಚ್ಚಿದ ಹಲಿಗಿ ಮ್ಯಾಗಿಂದ ಬಿದ್ನಂತ. ಶುಕ್ರಾರ ಮೇಸ್ತ್ರಿ ಮನಿಗೆ ಕಳ್ಸ್ಯಾನ. ಕುಡದಾನ ಅಂತ ಬೈದು ಕಳ್ಸ್ಯಾನ್ರಿ. ನನ್ ತಮ್ಮ ಕುಡಿಯಂಗಿಲ್ಲ."

ನನ್ನ ಹಮ್ಮು ಅಲ್ಲಿಗೆ ಇಳಿಯಿತು. ಭಾನುವಾರ ಸಿಪ್ರೋ ಹೊಟ್ಟೆಗೆ ಹೋಗುವುದಕ್ಕೆ ಐದಾರು ದಿನ ಮೊದಲೇ ಆತ ತೂಕಡಿಸತೊಡಗಿದ್ದ. ಮತ್ತೇನು ತಿಂದ? ನಾಟಿ ಔಷಧ? ನಿದ್ದೆ ಗುಳಿಗೆ? ಗಾಂಜಾ? ಮೈ ನೋವಿಗೆ ಸೂಜಿ? ಕೇಳಿದ್ದಕ್ಕೆಲ್ಲ ಆಕೆ ಇಲ್ಲ ಎಂದಳು. ಒಂದು ಗುಳಿಗೆ ಹೆಚ್ಚಿಗೆ ಏನಾದರೂ? ಅದೂ ಇಲ್ಲ. ಬೆಳಿಗ್ಗೆ ಒಂದು, ರಾತ್ರಿ ಮೂರು, ಎರಡು ವರ್ಷದಿಂದ ಅಷ್ಟೇ. ಇವತ್ತು ಬೆಳಿಗ್ಗೆ ನುಂಗಲಿಕ್ಕೇ ಆಗಲಿಲ್ಲ, ಕಡೆಯದು ನಿನ್ನೆ ರಾತ್ರಿ ಒಂಬತ್ತಕ್ಕೆ.

ಅಷ್ಟರಲ್ಲಿ ಡ್ಯೂಟಿ ಡಾಕ್ಟರು ಬಂದರು. ದಕ್ಷಿಣದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಆ ಹೊತ್ತಿಗೆ ಆತನ ಕೈಗಳು ಇನ್ನೂ ಜೋರಾಗಿ ಜಿಗಿಯುತ್ತಿದ್ದವು, ತೊದಲುವುದೂ ಹೆಚ್ಚಾಗಿತ್ತು.

"ಸಿಸ್ಟರ್, ಇವರು ನಿಮ್ಮ ಪೇಷಂಟ್ ಅಲ್ವಾ? ಕಾಯಿಲೆ ಮತ್ತೆ ಕೆರಳಿದೆ ಅನ್ಸುತ್ತೆ. ಶಾಂತ ಆಗೋ ಇಂಜೆಕ್ಷನ್ ಒಂದು ಕೊಟ್ಟುಬಿಡೋಣ, ಆಮೇಲೆ ನೋಡೋಣ."

"ಬ್ಯಾಡ್ರಿ ಮೇಡಂ," ಎಂದೆ. ನನ್ನ ದನಿ ನಾನೆಣಿಸಿದ್ದಕ್ಕಿಂತ ಜೋರಾಗಿತ್ತು. "ಈತಗ ಔಷಧ ಹೆಚ್ಚಾಗ್ಯಾದ ಅಂತ ಕಾಣ್ತದ. ಅದರ ಮ್ಯಾಲ ಇನ್ನೊಂದ್ ಹಾಕಿದ್ರ ಉಸಿರ ನಿಂತೀತು. ಹತ್ತ ನಿಮಿಷ ಕೊಡ್ರಿ, ನಮ್ ಡಾಕ್ಟರಿಗೆ ಫೋನ್ ಹಚ್ತೀನಿ."

ಅವರು ಸಿರಿಂಜ್ ಹಿಡಿದವರು ಹಾಗೇ ನಿಂತರು. ನರ್ಸೊಬ್ಬಳು ತಡೆದದ್ದು ಇಷ್ಟವಾಗಲಿಲ್ಲ ಎಂಬುದು ಮುಖದಲ್ಲಿತ್ತು. ಆದರೂ ಸಿರಿಂಜನ್ನು ಟ್ರೇಗೆ ಇಟ್ಟರು. ಆ ಹುಡುಗಿಗೆ ನಾನು ಇವತ್ತಿಗೂ ಋಣಿ.

ನಮ್ಮ ಡಾಕ್ಟರ ಫೋನು ಬಂದ್ ಆಗಿತ್ತು. ಕೋರ್ಟಿನೊಳಗೆ ಇದ್ದಿರಬೇಕು. ಎರಡು ಸಲ, ಮೂರು ಸಲ ಪ್ರಯತ್ನಿಸಿದೆ. ಸಲೈನ್ ಹಚ್ಚಲು ಆತನ ಅಂಗಿಯ ಗುಂಡಿ ಬಿಚ್ಚುವಾಗ ನನ್ನ ಕೈ ಎದೆಯ ಜೇಬಿಗೆ ತಾಗಿತು. ಜೇಬು ಖಾಲಿ. ಆ ಜೇಬಿನಲ್ಲಿ ಯಾವಾಗಲೂ ಒಂದು ಬೀಡಿ ಕಟ್ಟು, ಬೆಂಕಿಪೊಟ್ಟಣ ಇರುತ್ತಿದ್ದವು. ಪ್ರತಿ ತಿಂಗಳೂ ನಾನು ಅದನ್ನು ನೋಡಿ ಬೈಯುತ್ತಿದ್ದೆ, ಪ್ರತಿ ತಿಂಗಳೂ ಆತ ಹಲ್ಲು ಕಿರಿಯುತ್ತಿದ್ದ.

"ಅಕ್ಕಾ, ಬೀಡಿ ಎಲ್ಲಿ?"

ಆಕೆ ಅಚ್ಚರಿಯಿಂದ ನನ್ನನ್ನೇ ನೋಡಿದಳು.

"ನೀವ ಬಿಡಿಸೀರಲ್ರಿ ಸಿಸ್ಟರಮ್ಮಾ."

ಹೌದು, ಬಿಡಿಸಿದವಳು ನಾನೇ.

ಶ್ರಾವಣದ ಮೊದಲ ಸೋಮವಾರ. ಮಾನ್ವಿಯ ಆ ಗಿರಣಿಯ ಮಾಲಕರು ದೈವಭಕ್ತರು, ಪೂಜೆಗೆ ಮಠದ ಸ್ವಾಮಿಗಳನ್ನು ಕರೆಸಿದ್ದರು. ಸ್ವಾಮಿಗಳು ಹಮಾಲರ ಮುಂದೆ ಜೋಳಿಗೆ ಹಿಡಿದು, ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದು ಕೇಳುವವರಿದ್ದರು. ಅದಕ್ಕೆ ಮೊದಲು ಹತ್ತು ನಿಮಿಷ ತಂಬಾಕಿನ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ನಾನು ಅರ್ಧ ತಾಸು ಮಾತನಾಡಿದೆ. ನನ್ನ ಅಪ್ಪನೂ ಹಮಾಲನೇ, ಬೀಡಿಯಿಂದ ಎದೆ ಟೊಳ್ಳಾಗಿ ಹೋದವನು. ಆ ಸಿಟ್ಟೆಲ್ಲ ಮಾತಿಗೆ ಬಂತು. ಎಲ್ಲರಿಗಿಂತ ಮೊದಲು ಎದ್ದು ಬಂದು ಜೋಳಿಗೆಗೆ ಬೀಡಿ ಕಟ್ಟು ಹಾಕಿದವನು ಈತ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಗಿರಣಿಯ ಮುನೀಮರ ಕೈಗೆ ನನ್ನ ಫೋನು ಕೊಟ್ಟು ಪಟ ತೆಗೆಸಿದೆ, ಅದನ್ನು ಇಲಾಖೆಯ ವಾಟ್ಸ್ಯಾಪ್ ಗುಂಪಿಗೂ ಹಾಕಿದೆ.

ಫೋನು ತೆಗೆದು ಆ ಪಟದ ತಾರೀಖು ನೋಡಿದೆ. ಬೆರಳು ಮಡಚಿ ಎಣಿಸಿದೆ. ಇವತ್ತಿಗೆ ಹದಿನೇಳನೆಯ ದಿನ. ತೂಕಡಿಕೆ ಶುರುವಾದದ್ದು ಬೀಡಿ ಬಿಟ್ಟು ಒಂದು ವಾರಕ್ಕೆ.

ಬೀಡಿಯ ಹೊಗೆ ಲಿವರಿನಲ್ಲಿ ಕ್ಲೋಜಪಿನ್ನನ್ನು ಬೇಗ ಬೇಗ ಕರಗಿಸುವಂತೆ ಮಾಡುತ್ತದೆ. ಸೇದುವವನಿಗೆ ಹೆಚ್ಚಿನ ಪ್ರಮಾಣ ಬೇಕಾಗುವುದು ಇದೇ ಕಾರಣಕ್ಕೆ. ಸೇದುವುದನ್ನು ಒಮ್ಮೆಲೇ ಬಿಟ್ಟರೆ ಒಂದು ವಾರದಲ್ಲಿ ಆ ವೇಗ ಇಳಿಯುತ್ತದೆ, ಪ್ರಮಾಣವನ್ನೂ ಇಳಿಸಬೇಕು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ತರಬೇತಿಯಲ್ಲಿ ಕಲಿಸಿದ್ದರು, ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರದಲ್ಲಿ ಇದೆ, ಕೆಂಪು ಪೆನ್ನಿನ ಗೆರೆಯೂ ಇದೆ. ವೇದಿಕೆಯ ಮೇಲೆ ನಿಂತಾಗ ಮಾತ್ರ ನನಗೆ ಕಂಡದ್ದು ಬೀಡಿ, ಗುಳಿಗೆ ಕಾಣಲಿಲ್ಲ. ಇಷ್ಟು ಹೊತ್ತೂ ಆತ ಹೊಸದಾಗಿ ಏನು ತಿಂದ ಎಂದಷ್ಟೇ ಕೇಳುತ್ತಿದ್ದೆ. ಏನು ಬಿಟ್ಟ ಎಂದು ಕೇಳುವುದು ಹೊಳೆಯಲೇ ಇಲ್ಲ.

ಲ್ಯಾಬಿನವನು ಚೀಟಿ ಹಿಡಿದು ಓಡಿಬಂದ. ಬಿಳಿ ಕಣ ಹನ್ನೊಂದು ಸಾವಿರ. ಇಳಿದಿರಲಿಲ್ಲ, ಸೋಂಕಿಗೆ ತಕ್ಕಂತೆ ಏರಿತ್ತು. ಗೋಡೆಗೆ ಒರಗಿ ಒಂದು ಉಸಿರು ಬಿಟ್ಟೆ. ಅದೇ ಹೊತ್ತಿಗೆ ನಮ್ಮ ಡಾಕ್ಟರ ಫೋನು ಬಂತು.

ಎಲ್ಲ ಹೇಳಿದೆ. ಜ್ವರ, ಬಿಪಿ, ಹೊಟ್ಟೆ, ಸಿಪ್ರೋ. ಬೀಡಿಯ ಮಾತು ಬಂದಾಗ "ಬೀಡಿ ಬಿಟ್ಟಾನ್ರಿ ಸರ್" ಎಂದು ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. "ನಾನ ಬಿಡಿಸೀನ್ರಿ. ಗುಳಿಗಿ ಇಳಸಬೇಕಂತ ನಿಮಗ ತಿಳಿಸಲಿಲ್ಲ," ಎಂದೆ.

ಅವರು ಲೆಕ್ಕ ಕೇಳಿದರು. "ದಿನಕ್ಕ ಎಷ್ಟು ಸೇದ್ತಿದ್ದ?"

"ಒಂದೂವರಿ ಕಟ್ಟು."

"ರಕ್ತದಾಗ ಔಷಧ ಎಷ್ಟದ ಅಂತ ನೋಡೋ ಪರೀಕ್ಷೆ ಇಲ್ಲಿ ಆಗಂಗಿಲ್ಲ. ಹೈದರಾಬಾದಿಗೆ ಕಳಿಸಿದ್ರ ಉತ್ತರ ಬರೋತನ ಕಾಯಾಕ ಆಗಂಗಿಲ್ಲ. ಸಿಪ್ರೋ ಬಂದ್ ಮಾಡ್ರಿ. ಇವತ್ತಿನ ಕ್ಲೋಜಪಿನ್ ಬ್ಯಾಡ. ಕೂಡಲೇ ರಾಯಚೂರಿಗೆ ಕರಕೊಂಡ್ ಬರ್ರಿ. ಮತ್ತ ನೆನಪಿರಲಿ, ಕಡೀ ಗುಳಿಗಿ ನಿನ್ನೆ ರಾತ್ರಿ ಒಂಬತ್ತಕ್ಕ ಅಂದ್ರಲ್ಲ, ನಾಳೆ ರಾತ್ರಿ ಒಂಬತ್ತರೊಳಗ ಕಡಿಮಿ ಪ್ರಮಾಣದಾಗ ಮತ್ತ ಶುರು ಆಗಬೇಕು."

ಇದು ಆ ಔಷಧದ ಇನ್ನೊಂದು ಕರಾರು. ಎರಡು ದಿನದ ಮೇಲೆ ತಪ್ಪಿದರೆ ಮತ್ತೆ ಸಣ್ಣ ಚೂರಿನಿಂದ, ಮೊದಲಿನಿಂದ ಏರಿಸುತ್ತ ಬರಬೇಕು. ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ದನಿಗಳು ವಾಪಸಾಗುತ್ತವೆ.

ಆಂಬುಲೆನ್ಸಿನಲ್ಲಿ ಆತನನ್ನು ಎಡ ಮಗ್ಗುಲಿಗೆ ಮಲಗಿಸಿ, ಜೊಲ್ಲು ಗಂಟಲಿಗೆ ಇಳಿಯದಂತೆ ಬಟ್ಟೆಯಿಂದ ಒರೆಸುತ್ತ ಕುಳಿತೆ. ಹದಿನೈದು ನಿಮಿಷಕ್ಕೊಮ್ಮೆ ಬಿಪಿ. ಅರ್ಧ ದಾರಿಯಲ್ಲಿ ಮೈಯೆಲ್ಲ ಸೆಟೆದುಕೊಂಡಿತು, ಕಣ್ಣು ಮೇಲಾಯಿತು, ಫಿಟ್ಸ್. ತಲೆ ಹಿಡಿದು ಗಡಿಯಾರ ನೋಡಿದೆ. ಒಂದೂವರೆ ನಿಮಿಷ. ಅಷ್ಟು ಉದ್ದದ ಒಂದೂವರೆ ನಿಮಿಷವನ್ನು ನಾನು ಬೇರೆ ಎಲ್ಲೂ ಕಳೆದಿಲ್ಲ. ಅಕ್ಕ ತಮ್ಮನ ಪಾದ ಹಿಡಿದು "ನನ್ನಪ್ಪಾ, ನನ್ನಪ್ಪಾ" ಎನ್ನುತ್ತಿದ್ದಳು. ಫಿಟ್ಸ್ ನಿಂತ ಮೇಲೆ ಆತನ ಉಸಿರು ಮತ್ತೆ ಸರಾಗವಾಯಿತು. ಈ ಜೀವ ಹೋದರೆ ನಾನು ಈ ಸಮವಸ್ತ್ರ ಮತ್ತೆ ಹಾಕಿಕೊಳ್ಳುವುದಿಲ್ಲ ಎಂದುಕೊಂಡೆ.

ರಾಯಚೂರಿನಲ್ಲಿ ಇಸಿಜಿ, ಹೊಟ್ಟೆಯ ಎಕ್ಸ್‌ರೇ, ಸಲೈನ್, ಸೋಂಕಿಗೆ ಬೇರೆ ಗುಂಪಿನ ಔಷಧ. ಕರುಳು ಕಟ್ಟಿರಲಿಲ್ಲ, ಮಂದವಾಗಿತ್ತು. ಎನಿಮಾ ಕೊಟ್ಟೆವು. ಶುಕ್ರವಾರ ಬೆಳಿಗ್ಗೆ ಅದು ಫಲ ಕೊಟ್ಟಾಗ ಇಡೀ ವಾರ್ಡು ಹಬ್ಬದ ಸುದ್ದಿ ಕೇಳಿದಷ್ಟು ಖುಷಿಪಟ್ಟಿತು. ಮಧ್ಯಾಹ್ನಕ್ಕೆ ಆತ ಕಣ್ಣು ತೆರೆದು ನೀರು ಕೇಳಿದ.

ನಾಲ್ಕು ಗಂಟೆಗೆ ನಮ್ಮ ಡಾಕ್ಟರು ಆತನನ್ನು ನೋಡಿ, ಸಂಜೆಗೆ ಬರೀ ಒಂದು ಗುಳಿಗೆ ಎಂದು ಬರೆದು ಹೋದರು. ನಾನು ಅದನ್ನು ತೆಗೆದುಕೊಂಡು ಹಾಸಿಗೆಯ ಬಳಿ ಹೋದೆ. ಅಕ್ಕ ಅಡ್ಡ ನಿಂತಳು.

"ಆ ಗುಳಿಗಿ ಇನ್ನ ಬ್ಯಾಡ್ರಿ."

"ಅಕ್ಕಾ, ಇವತ್ತ ಒಂಬತ್ತರೊಳಗ..."

"ಬ್ಯಾಡಂದ್ರ ಬ್ಯಾಡ್ರಿ. ನನ್ ಕಣ್ಮುಂದ ಒದ್ಯಾಡ್ಯಾನ. ಹುಚ್ಚನಾಗಿ ಬಸ್ ಸ್ಟ್ಯಾಂಡಿನ್ಯಾಗ ಇದ್ರೂ ಚಿಂತಿಲ್ಲ, ಜೀವಂತ ಇರ್ಲಿ." ಉಳಿದ ಪಟ್ಟಿಗಳನ್ನೆಲ್ಲ ಸೆರಗಿನಿಂದ ಬಿಚ್ಚಿ ನನ್ನ ಕೈಗೆ ತುರುಕಿದಳು. "ಈ ವಿಷಾ ನೀವ ಇಟ್ಕೊಳ್ರಿ."

ಆಕೆಯನ್ನು ತಪ್ಪು ಎನ್ನುವುದು ಹೇಗೆ? ಐದು ಗಂಟೆಯಾಯಿತು, ಐದೂವರೆಯಾಯಿತು. ಬಿಳಿ ಕಣ, ಲಿವರು, ಸಿಪ್ರೋ ಎಂದು ಏನೇನೋ ಹೇಳಿದೆ. ಆಕೆ ಗೋಡೆ ನೋಡುತ್ತ ಕುಳಿತಳು. ಕೊನೆಗೆ ಫೋನು ತೆಗೆದು ಆ ಪಟವನ್ನು ಆಕೆಯ ಮುಂದೆ ಹಿಡಿದೆ. ಜೋಳಿಗೆ, ತಮ್ಮನ ಕೈ, ಪಕ್ಕದಲ್ಲಿ ಬಾಯಿ ಬಿಚ್ಚಿ ನಗುತ್ತಿರುವ ನಾನು.

"ನೀವು ಚಪ್ಪಾಳಿ ಹೊಡಿಯಾಕತ್ತೀರಲ್ರಿ," ಎಂದಳು.

"ಹೌದು. ಅಕ್ಕಾ, ಗಿರಣ್ಯಾಗ ದಿನಾ ನಾಕ್ ಲಾರಿ ಬರ್ತಾವ, ಎಂಟ್ ಮಂದಿ ಹಮಾಲ್ರು ಇಳಿಸ್ತಾರ ಅಂತ ಇಟ್ಕೋರಿ. ಒಂದಿನ ನಾಕ್ ಮಂದಿ ಹಮಾಲ್ರು ಬರಲಿಲ್ಲ. ಲಾರಿ ಮಾತ್ರ ನಾಕೂ ಬಂದ್ವು. ಏನಾಗ್ತದ?"

"ಮಾಲ್ ಬಿದ್ಕೊಂಡಿರ್ತದ್ರಿ."

"ಲಾರಿ ಅಂದ್ರ ಗುಳಿಗಿ, ಆ ಹಮಾಲ್ರು ಬೀಡಿ ಹೊಗಿ. ನಾನು ಅವ್ರನ್ನ ಮನಿಗೆ ಕಳಿಸಿದೆ, ಲಾರಿ ಕಡಿಮಿ ಮಾಡ್ರಿ ಅಂತ ಯಾರಿಗೂ ಹೇಳಲಿಲ್ಲ. ಮ್ಯಾಲಿಂದ ಆ ಸಿಪ್ರೋ ಬಂದು ಗಿರಣಿ ಬಾಗಿಲಕ್ಕ ಕೀಲಿ ಹಾಕ್ತು."

ಆಕೆ ಪಟವನ್ನು ಇನ್ನೊಮ್ಮೆ ನೋಡಿದಳು. "ಹಂಗಾದ್ರ ಗುಳಿಗಿದು ತಪ್ಪಿಲ್ಲ?"

"ಇಲ್ಲ. ನಂದು."

ಇಷ್ಟು ಹೇಳುವುದಕ್ಕೆ ನನಗೆ ಒಂದು ದಿನ ಹಿಡಿದಿತ್ತು. ಆಕೆ ಬೈಯಬಹುದಿತ್ತು, ಕೂಗಾಡಬಹುದಿತ್ತು, ನಾನು ತಯಾರಾಗಿಯೇ ಇದ್ದೆ. ಆಕೆ ಸುಮ್ಮನೆ ಎದ್ದು ಹೂಜಿಯಿಂದ ಒಂದು ಲೋಟ ನೀರು ತಂದಳು. "ಒಂದ ಗುಳಿಗೀನ್ರಿ?" ಎಂದು ಕೇಳಿದಳು. ಆರು ಗಂಟೆಗೆ ಆತ ಗುಳಿಗೆ ನುಂಗಿದ.

ಆಮೇಲೆ ಒಂದೊಂದೇ ಹೆಜ್ಜೆ ಏರಿಸಿ ಎರಡೂವರೆ ಗುಳಿಗೆಗೆ ನಿಲ್ಲಿಸಿದೆವು. ಮೊದಲು ನಾಲ್ಕಿತ್ತು. ದನಿಗಳು ಬರಲಿಲ್ಲ. ಮೇಸ್ತ್ರಿಯ ಬಳಿ ನಾನೇ ಹೋಗಿ, ಆತ ಕುಡಿದಿರಲಿಲ್ಲ ಎಂದು ಹೇಳಿದೆ. ಚೀಲ ಹೊಲಿಯುವ ಕೆಲಸಕ್ಕೆ ವಾಪಸು ತೆಗೆದುಕೊಂಡರು. ಬಿಡುಗಡೆಯ ದಿನ ಆತನಿಗೆ ಒಂದೇ ಮಾತು ಹೇಳಿದ್ದೆ: ಬೀಡಿ ಬಿಟ್ಟಿದ್ದು ಒಳ್ಳೆಯದೇ, ಮತ್ತೆ ಹಚ್ಚಿದರೆ ಮಾತ್ರ ನನಗೆ ಹೇಳಬೇಕು. ಹೊಗೆ ಒಳಗೆ ಹೋದರೆ ಈ ಎರಡೂವರೆ ಸಾಲದೇ ಹೋದೀತು.

ದಸರಾ ಕಳೆದು ಒಂದು ಮಂಗಳವಾರ, ಮಾನ್ವಿ. ಆತನ ತಾರೀಖು ಅಲ್ಲದ ದಿನ. ಸಾಲು ಮುಗಿಯುವವರೆಗೆ ಬಾಗಿಲ ಹೊರಗೆ ನಿಂತಿದ್ದು, ಆಮೇಲೆ ಒಳಗೆ ಬಂದ.

"ಸಿಸ್ಟರಮ್ಮಾ, ತಪ್ಪಾತ್ರಿ. ನಿನ್ನಿ ಎರಡು ಸೇದೀನಿ. ಇವತ್ತ ಒಂದು." ಕೈ ಕಟ್ಟಿಕೊಂಡು ನಿಂತಿದ್ದ. "ಅಕ್ಕಗ ಹೇಳಿಲ್ರಿ. ಸ್ವಾಮ್ಯಾರಿಗೆ ಹ್ಯಾಂಗ ಮಾರಿ ತೋರಸಲಿ? ನೀವು ಹೇಳಂದಿದ್ರಿ, ಅದಕ್ಕ ಬಂದೆ."

ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ನೆನಪಾದ. ಅಪ್ಪ ದಿನಕ್ಕೆ ಎಷ್ಟು ಬೀಡಿ ಸೇದುತ್ತಿದ್ದ ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನನ್ನ ಬಾಯಿಗೆ ಹೆದರಿ ಬೀಡಿಯನ್ನು ಬಚ್ಚಿಟ್ಟ, ಕೆಮ್ಮಿನಲ್ಲಿ ಬಿದ್ದ ರಕ್ತವನ್ನೂ ಬಚ್ಚಿಟ್ಟ. ಗೊತ್ತಾದಾಗ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ನೋಟ್‌ಬುಕ್ಕು ತೆರೆದು ಬರೆದುಕೊಂಡೆ. ನಿನ್ನೆ ಎರಡು, ಇವತ್ತು ಒಂದು.

"ಬೈಯಂಗಿಲ್ಲೇನ್ರಿ?"

"ಇಲ್ಲೋ ತಮ್ಮಾ. ಹೇಳಿದ್ದು ಛಲೋ ಆತು. ಕುಂದ್ರು, ಡಾಕ್ಟರಿಗೆ ಫೋನ್ ಹಚ್ತೀನಿ."

ಆತ ಕುರ್ಚಿಯ ತುದಿಯಲ್ಲಿ ಕುಳಿತ. ನಾನು ನಂಬರ್ ಒತ್ತುತ್ತಿದ್ದೆ. ಆತ ಕೆಮ್ಮಿದ, ನೆಲ ನೋಡಿದ, ಆಮೇಲೆ ತಲೆ ಎತ್ತಿದ.

"ನಿನ್ನಿ ಎರಡಲ್ರಿ," ಎಂದ. "ಐದು."

ನಾನು ಎರಡನ್ನು ಹೊಡೆದು ಐದು ಎಂದು ಬರೆದೆ.